ಮೀಟರ್ ಕವರ್ ಸೀಳಿದೆ: ಅಂಟು ಹಾಕಿದರೆ ನಿಲ್ಲುತ್ತಾ?

ಹಳೇಗಾಡಿ
ನನ್ನ ಕಾರಿಗೆ 20 ವರ್ಷ ದಾಟಿದೆ. ಇಂಜಿನ್ ಗಟ್ಟಿಮುಟ್ಟಾಗಿದೆ, ಬಾಡಿಯಲ್ಲಿ ತುಕ್ಕೂ ಇಲ್ಲ. ತಲೆನೋವು ಒಂದೇ. ಮೀಟರುಗಳ ಮೇಲೆ ಬಿಸಿಲು ಬೀಳದ ಹಾಗೆ ಮುಂದಕ್ಕೆ ಚಾಚಿರುವ ಕವರ್ ಸೀಳಿಬಿಟ್ಟಿದೆ. ಬಲಗಡೆ ಸ್ಕ್ರೂ ತೂತಿನಿಂದ ಶುರುವಾಗಿ ಮೇಲ್ಭಾಗದಲ್ಲಿ ಗೇಣುದ್ದ ಓಡಿದೆ. ಬೆಳಗ್ಗೆ ತಣ್ಣಗಿರುವಾಗ ಸೀಳು ಬಾಯಿ ಬಿಟ್ಟಿರುತ್ತದೆ, ಬಿಸಿಲಿಗೆ ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಸ್ಪೀಡ್ ಹಿಡಿದರೆ ಜಿರ್ ಅಂತ ಸದ್ದು ಬೇರೆ.

ಒಳಗಿನ ಪಾರದರ್ಶಕ ಗಾಜು ಚೆನ್ನಾಗಿದೆ. ಹೊಸ ಕವರ್ ಈಗ ತಯಾರಾಗುವುದಿಲ್ಲ. ಹಳೇ ಗಾಡಿಯಿಂದ ಬಿಚ್ಚಿದ್ದು ಸಿಗಬಹುದು, ಆದರೆ ಅದಕ್ಕೂ ಇಷ್ಟೇ ವಯಸ್ಸು. ಸೂಪರ್ ಗ್ಲೂ ಹಾಕಿದರೆ ನಿಲ್ಲುತ್ತಾ?

ಬೋಲ್ಟುನಟ್ಟು
ನಿಲ್ಲುತ್ತೆ. ಮುಂದಿನ ಗುಂಡಿ ಬರುವವರೆಗೆ.

ಕಿಟಕಿಸೀಟು
ಸೂಪರ್ ಗ್ಲೂ ಬೇಡವೇ ಬೇಡ. ಒಣಗಿದ ಮೇಲೆ ಅದು ಗಡುಸಾಗಿ ಪಟ್ ಅಂತ ಬಿಡುತ್ತೆ, ಬಳುಕುವ ಗುಣವೇ ಇಲ್ಲ. ಜೊತೆಗೆ ಅದರ ಆವಿ ಪಕ್ಕದಲ್ಲಿ ಎಲ್ಲೆಲ್ಲಿ ಕೂರುತ್ತದೋ ಅಲ್ಲೆಲ್ಲಾ ಬೆಳ್ಳಗೆ ಮಂಜು ಕವಿದ ಹಾಗಾಗುತ್ತೆ. ನಮ್ಮ ಭಾವ ಕವರ್ ಬಿಚ್ಚದೆ ಸೀಟಿನಲ್ಲೇ ಕೂತು ಅಂಟಿಸಿದರು. ಸೀಳು ಮುಚ್ಚಿತು ನಿಜ. ಆದರೆ ಸ್ಪೀಡೋಮೀಟರ್ ಗಾಜಿನ ಮೇಲೆ ಬಿಳಿ ಪೊರೆ ಬಂದು ಅರ್ಧ ಅಂಕಿ ಕಾಣದ ಹಾಗಾಯಿತು. ಒರೆಸಿದರೂ ಹೋಗಲಿಲ್ಲ, ಪಾಲಿಶ್ ಹಾಕಿ ಉಜ್ಜಬೇಕಾಯಿತು.

ಸ್ಪ್ಯಾನರ್ಸ್ವಾಮಿ
ಅಂಟಿನ ಮಾತು ಆಮೇಲೆ. ಮೊದಲು ಕವರ್ ಬಿಚ್ಚಿ ಹಿಂಬದಿ ನೋಡಿ. ಒಳಮೈಯಲ್ಲಿ ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಯಾವುದು ಅಂತ ಅಚ್ಚು ಹಾಕಿರುತ್ತಾರೆ. ಎಬಿಎಸ್, ಪಿಪಿ, ಪಿಸಿ-ಎಬಿಎಸ್ ಅಂತೆಲ್ಲ ಇರುತ್ತೆ. ಎಬಿಎಸ್ ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಆದರೆ ಮಾಮೂಲಿ ಅಂಟು ಯಾವುದೂ ಹಿಡಿಯಲ್ಲ. ಅದಕ್ಕೆ ಬಿಸಿ ಮಾಡಿ ಬೆಸೆಯುವುದೇ ದಾರಿ. ಇದು ಗೊತ್ತಾಗದೆ ಇಲ್ಲಿ ಯಾರು ಏನು ಹೇಳಿದರೂ ಊಹೆಯೇ.

ತುಕ್ಕುಹಿಡಿದವನು
ಅಚ್ಚು ಕಾಣದಿದ್ದರೆ ಸಣ್ಣ ಚೂರು ಕತ್ತರಿಸಿ ನೀರಿಗೆ ಹಾಕಿ. ತೇಲಿದರೆ ಪಿಪಿ, ಮುಳುಗಿದರೆ ಎಬಿಎಸ್. ಮುಗೀತು.

ಸ್ಪ್ಯಾನರ್ಸ್ವಾಮಿ
@ತುಕ್ಕುಹಿಡಿದವನು ಮುಗಿಯಲಿಲ್ಲ ಸ್ವಾಮಿ. ಬರೀ ಪಿಪಿ ತೇಲುತ್ತೆ, ಸರಿ. ಆದರೆ ಕಾರಿನ ಒಳಭಾಗಗಳಲ್ಲಿ ಹಾಕುವ ಪಿಪಿಗೆ ಟಾಲ್ಕ್ ಪುಡಿ ಬೆರೆಸಿರುತ್ತಾರೆ. ಪಿಪಿ-ಟಿ20 ಅಂತ ಅಚ್ಚಿದ್ದರೆ ನೂರಕ್ಕೆ 20 ಭಾಗ ಟಾಲ್ಕ್. ಅದರ ಸಾಂದ್ರತೆ ಹೆಚ್ಚುಕಮ್ಮಿ ಎಬಿಎಸ್‌ನಷ್ಟೇ, ನೀರಲ್ಲಿ ಮುಳುಗುತ್ತೆ. ತೇಲಿದರೆ ಪಿಪಿ ಅನ್ನಬಹುದು, ಮುಳುಗಿದರೆ ಏನೂ ಹೇಳೋಕಾಗಲ್ಲ.

ಅದಕ್ಕಿಂತ ಅಸಿಟೋನ್ ವಾಸಿ. ಹತ್ತಿಯಲ್ಲಿ ಒಂದು ಹನಿ ಅದ್ದಿ ಹಿಂಬದಿಯಲ್ಲಿ ಕಾಣದ ಜಾಗಕ್ಕೆ ಒತ್ತಿ. ಎಬಿಎಸ್ ಆದರೆ ಮೇಲ್ಮೈ ಮೆತ್ತಗಾಗಿ ಬೆರಳಿಗೆ ಅಂಟಂಟಾಗುತ್ತೆ. ಪಿಪಿಗೆ ಏನೂ ಆಗಲ್ಲ.

ತುಕ್ಕುಹಿಡಿದವನು
ಟಾಲ್ಕ್ ವಿಷಯ ಗೊತ್ತಿರಲಿಲ್ಲ. ಸರಿ, ಒಪ್ಪಿದೆ.

ನಾಲ್ಕನೇಗೇರು
ಇಷ್ಟೆಲ್ಲಾ ಯಾಕೆ? ಮೇಲೆ ಬಟ್ಟೆಯ ಡ್ಯಾಶ್ ಮ್ಯಾಟ್ ಹಾಕಿ ಮುಚ್ಚಿ. ಸೀಳೂ ಕಾಣಲ್ಲ, ಮುಂದಿನ ಗಾಜಿನಲ್ಲಿ ಪ್ರತಿಬಿಂಬವೂ ಕಮ್ಮಿ.

ಬೋಲ್ಟುನಟ್ಟು
ಸದ್ದೂ ನಿಲ್ಲುತ್ತಾ?

ನಾಲ್ಕನೇಗೇರು
ಹಾಡು ಜೋರಾಗಿ ಹಾಕಿ.

ಹಳೇಗಾಡಿ
ಹಹ್ಹ. ಸರಿ, ಭಾನುವಾರ ಬಿಚ್ಚಿ ನೋಡುತ್ತೇನೆ. ಬಿಚ್ಚುವಾಗ ಏನಾದರೂ ಜೋಪಾನ ಮಾಡಬೇಕಾ? ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದೆ. ಪಕ್ಕದ ಸೀಟಿಗೆ ಇಲ್ಲ.

ವೈರ್‌ಹರ್ನೆಸ್
ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಸುಮ್ನೆ ಬಿಡಿ. ಏರ್‌ಬ್ಯಾಗ್ ಮಾಡ್ಯೂಲ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ಎಷ್ಟು ಹೊತ್ತು ಅಂತ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲೇ ಇರುತ್ತೆ, ಅದನ್ನೇ ನಂಬಿ. ಹಳದಿ ಕನೆಕ್ಟರ್, ಹಳದಿ ಕವಚದ ವೈರ್ ಕಂಡರೆ ಕೈ ಹಾಕಬೇಡಿ. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು.

ಸ್ಟೀರಿಂಗ್ ಎತ್ತರ ಹೊಂದಿಸಲು ಬಂದರೆ ಪೂರ್ತಿ ಕೆಳಗಿಳಿಸಿ, ಕವರ್ ಹೊರಗೆ ಬರಲು ಜಾಗ ಸಿಗುತ್ತೆ. ಕವರ್ ಮಾತ್ರ ಬಿಚ್ಚಿ, ಮೀಟರ್ ಕ್ಲಸ್ಟರ್ ಇದ್ದಲ್ಲೇ ಇರಲಿ. ನಿಮ್ಮ ಕಾಲದ ಗಾಡಿಯಲ್ಲಿ ಸ್ಪೀಡೋಮೀಟರ್‌ಗೆ ಕೇಬಲ್ ಇದ್ದರೂ ಇರಬಹುದು. ಅದರ ಕ್ಲಿಪ್ ಒತ್ತದೆ ಎಳೆದರೆ ಪ್ಲಾಸ್ಟಿಕ್ ಕೊಂಡಿಯೇ ಮುರಿದು ಕೈಗೆ ಬರುತ್ತೆ.

ಗ್ಯಾರೇಜ್‌ಗಿರಾಕಿ
ಇನ್ನೊಂದು ಮಾತು. ಇದನ್ನು ಓದುವವರಲ್ಲಿ ಯಾರಿಗಾದರೂ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇದ್ದರೆ, ಆ ಭಾಗದ ಡ್ಯಾಶ್‌ಬೋರ್ಡ್‌ಗೆ ಅಂಟು, ಫಿಲ್ಲರ್, ಮೇಲೊಂದು ಚಿಪ್ಪು, ಯಾವುದನ್ನೂ ಹಾಕಬೇಡಿ. ಅಲ್ಲಿ ಒಳಗಡೆಯಿಂದ ಗೀರು ಕೊಯ್ದು ಮೇಲ್ಪದರ ತೆಳ್ಳಗೆ ಮಾಡಿರುತ್ತಾರೆ. ಬ್ಯಾಗ್ ಅಲ್ಲೇ ಹರಿದುಕೊಂಡು ಹೊರಗೆ ಬರಬೇಕು. ಆ ಗೀರನ್ನು ನೀವು ಗಟ್ಟಿ ಮಾಡಿದರೆ ಅದು ಹೇಗೆ ಬಿರಿಯುತ್ತೋ ಯಾರಿಗೂ ಗೊತ್ತಿಲ್ಲ. ಡ್ಯಾಶ್ ಮ್ಯಾಟ್ ಅಂದವರಿಗೂ ಇದು ಅನ್ವಯಿಸುತ್ತೆ.

ನಾಲ್ಕನೇಗೇರು
ಅವರಿಗೆ ಆ ಕಡೆ ಬ್ಯಾಗೇ ಇಲ್ಲ ಅಂದರಲ್ಲ.

ಗ್ಯಾರೇಜ್‌ಗಿರಾಕಿ
ಓದುವವರು ಅವರೊಬ್ಬರೇ ಅಲ್ಲವಲ್ಲ.

ಪಾಲಿಶ್‌ಪಂಡಿತ
ಇದಕ್ಕೆಲ್ಲ ಮೂಲ ಕಾರಣ ಡ್ಯಾಶ್‌ಬೋರ್ಡ್‌ಗೆ ಪಾಲಿಶ್ ಹಾಕದೇ ಬಿಡೋದು. ವಾರಕ್ಕೊಮ್ಮೆ ಹೊಳೆಯುವ ಹಾಗೆ ಒರೆಸಿದ್ದರೆ ಸೀಳುತ್ತಲೇ ಇರಲಿಲ್ಲ.

ಕಿಟಕಿಸೀಟು
ದಯವಿಟ್ಟು ಬೇಡ. ಹೊಳೆಯುವ ಪಾಲಿಶ್‌ನಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕೋನ್. ಮೆತ್ತನೆಯ ವಿನೈಲ್ ಹೊದಿಕೆ ಸೀಳುವುದು ಅದನ್ನು ಮೆತ್ತಗಿಡಲು ಬೆರೆಸಿರುವ ಪ್ಲಾಸ್ಟಿಸೈಜರ್ ಬಿಸಿಗೆ ಆವಿಯಾಗಿ ಹೋಗುವುದರಿಂದ. ಮುಂದಿನ ಗಾಜಿನ ಒಳಗಡೆ ಎಣ್ಣೆ ಎಣ್ಣೆಯಾಗಿ ಪೊರೆ ಕೂರುತ್ತಲ್ಲ, ಅದರಲ್ಲಿ ಇದರ ಪಾಲೂ ಇದೆ. ಒಮ್ಮೆ ಹೋದದ್ದನ್ನು ಮೇಲಿಂದ ಸವರಿ ಒಳಗೆ ತುಂಬೋಕೆ ಆಗಲ್ಲ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೊಡ್ಡ ವಿಷಯವಲ್ಲ. ಪಾಲಿಶ್‌ಗಿಂತ ಗಾಜಿಗೆ ಅಡ್ಡ ಇಡುವ ಸನ್‌ಶೇಡ್ ಎಷ್ಟೋ ಮೇಲು.

ಪಾಲಿಶ್‌ಪಂಡಿತ
ನನ್ನ ಗಾಡಿ ಇವತ್ತಿಗೂ ಫಳಫಳ ಅಂತಿದೆ. ಅದಕ್ಕೇನು ಹೇಳ್ತೀರಾ?

ಕಿಟಕಿಸೀಟು
ನಿಮ್ಮ ಗಾಡಿ ನೆರಳಿನಲ್ಲಿ ನಿಲ್ಲುತ್ತೆ ಅಂತ ಹೇಳುತ್ತೇನೆ.

ಪಾಲಿಶ್‌ಪಂಡಿತ
…ಶೆಡ್ ಇದೆ, ನಿಜ. ಆದರೂ.

ಹಳೇಗಾಡಿ
ಬಿಚ್ಚಿದೆ. ಒಳಗಡೆ ಎಬಿಎಸ್ ಅಂತ ಸ್ಪಷ್ಟವಾಗಿ ಅಚ್ಚಿದೆ. ಮೇಲೆ ವಿನೈಲ್ ಏನೂ ಇಲ್ಲ, ಒರಟು ಮೈಯ ಬರೀ ಗಟ್ಟಿ ಪ್ಲಾಸ್ಟಿಕ್.

ಒಂದು ವಿಚಿತ್ರ ನೋಡಿ. ಸೀಳಿದ ಕಡೆ ಸ್ಕ್ರೂವಿನ ಎಳೆಗಳಲ್ಲಿ ನೀಲಿ ಬಣ್ಣದ್ದೇನೋ ಒಣಗಿ ಅಂಟಿದೆ. ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ. ತೂತಿನ ಸುತ್ತ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಬಿಳಿ ಗೀರುಗಳಿವೆ, ಟಾರ್ಚ್ ಓರೆ ಹಿಡಿದರೆ ಮಾತ್ರ ಕಾಣುತ್ತವೆ. ಎಡಗಡೆ ಸ್ಕ್ರೂ ಶುಭ್ರವಾಗಿದೆ, ಅಲ್ಲಿ ಗೀರೂ ಇಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಹಾಕಿರಬೇಕು.

ಸ್ಪ್ಯಾನರ್ಸ್ವಾಮಿ
ಸಿಕ್ಕಿಬಿದ್ದ ನೋಡಿ ಕಳ್ಳ! ಅದು ಥ್ರೆಡ್‌ಲಾಕರ್. ಸ್ಕ್ರೂ ಸಡಿಲ ಆಗದಿರಲಿ ಅಂತ ಲೋಹದ ಬೋಲ್ಟ್‌ಗೆ ಹಾಕುವ ದ್ರವ. ಲೋಹಕ್ಕೆ ಸೊಗಸಾಗಿ ಕೆಲಸ ಮಾಡುತ್ತೆ, ಎಬಿಎಸ್ ಮತ್ತು ಪಾಲಿಕಾರ್ಬೊನೇಟ್‌ಗೆ ವಿಷ. ಲೋಹಕ್ಕೆ ತಾಗದೆ ಹೊರಗೆ ಹರಿದ ಭಾಗ ಗಟ್ಟಿಯಾಗದೆ ದ್ರವವಾಗೇ ಉಳಿದು ಪ್ಲಾಸ್ಟಿಕ್ಕಿನೊಳಗೆ ಇಳಿಯುತ್ತೆ. ಸ್ಕ್ರೂ ಬಿಗಿದು ಎಳೆತ ಇರುವ ಜಾಗದಲ್ಲಂತೂ ಕೇಳುವುದೇ ಬೇಡ, ಸಣ್ಣ ಸಣ್ಣ ಗೀರು ಎದ್ದು ಕೊನೆಗೆ ಒಂದು ದೊಡ್ಡದಾಗಿ ಸೀಳುತ್ತೆ. ಸದ್ದು ಬರುತ್ತಿದೆ ಅಂತ ಯಾರೋ ಪುಣ್ಯಾತ್ಮರು ಉಪಕಾರ ಮಾಡಲು ಹೋಗಿದ್ದಾರೆ.

ಬೋಲ್ಟುನಟ್ಟು
ಬಿಸಿಲು ನಿರಪರಾಧಿ ಅಂತಾಯ್ತು.

ಸ್ಪ್ಯಾನರ್ಸ್ವಾಮಿ
ಪೂರ್ತಿ ಅಲ್ಲ. ತಣ್ಣಗಿದ್ದಾಗ ಬಾಯಿ ಬಿಡುತ್ತೆ, ಬಿಸಿಯಾದರೆ ಮುಚ್ಚುತ್ತೆ ಅಂದಿದ್ದರಲ್ಲ? ಅಂದರೆ ಕವರ್ ಎರಡೂ ತುದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದೆ. ಲೆಕ್ಕ ಹಾಕಿ ನೋಡಿ. ಅರ್ಧ ಮೀಟರ್ ಉದ್ದದ ಎಬಿಎಸ್ ತುಂಡು 50 ಡಿಗ್ರಿ ಏರಿಳಿತಕ್ಕೆ ಸುಮಾರು 2 ಮಿ.ಮೀ. ಹಿಗ್ಗಿ ಕುಗ್ಗುತ್ತೆ. ಅದರ ಕೆಳಗಿನ ಉಕ್ಕಿನ ಪಟ್ಟಿ ಅಷ್ಟೇ ಉದ್ದಕ್ಕೆ 0.3 ಮಿ.ಮೀ. ಮಾತ್ರ. ಉಳಿದದ್ದು ಎಲ್ಲಿಗೆ ಹೋಗಬೇಕು? ಅದಕ್ಕೇ ಕಂಪನಿಯವರು ಸಾಮಾನ್ಯವಾಗಿ ಒಂದು ತೂತನ್ನು ಗುಂಡಗೆ, ಇನ್ನೊಂದನ್ನು ಉದ್ದಕ್ಕೆ ಕೊಟ್ಟಿರುತ್ತಾರೆ. ಸ್ಕ್ರೂ ತೀರಾ ಬಿಗಿದರೆ ಆ ಉದ್ದನೆಯ ತೂತು ಇದ್ದೂ ಇಲ್ಲದಂತೆ.

ಹಳೇಗಾಡಿ
ಬಲಗಡೆ ತೂತು ಉದ್ದಕ್ಕೇ ಇದೆ! ಸ್ಕ್ರೂವಿಗೆ ವಾಷರ್ ಬೇರೆ ಹಾಕಿ ಕಚ್ಚಿಸಿದ್ದರು. ಈಗ ಹೇಳಿ, ರಿಪೇರಿ ಹೇಗೆ?

ಎಬಿಎಸ್‌ಅಣ್ಣ
ನನ್ನ ಹೆಸರು ಕರೆದ ಹಾಗಾಯ್ತು. ಬ್ರೇಕಿನ ಎಬಿಎಸ್ ಅಲ್ಲ, ಪ್ಲಾಸ್ಟಿಕ್ಕಿನದು.

ನಾನು ಮಾಡುವ ಕ್ರಮ ಇದು. ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಪಾಲಿಶ್ ಹಾಕಿದ್ದರೆ ಸಿಲಿಕೋನ್ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಆಮೇಲೆ ಬಣ್ಣ ಹೊಡೆದಾಗ ಮೀನಿನ ಕಣ್ಣಿನ ಹಾಗೆ ಗುಳಿಗುಳಿ ಏಳುತ್ತೆ. ಸೀಳಿನ ತುದಿ ಎಲ್ಲಿ ಮುಗಿಯುತ್ತೆ ಅಂತ ಟಾರ್ಚ್ ಹಿಡಿದು ಹುಡುಕಿ, ಅಲ್ಲೊಂದು 2 ಮಿ.ಮೀ. ತೂತು ಕೊರೆಯಿರಿ. ಸೀಳು ಮುಂದೆ ಓಡದ ಹಾಗೆ ಅದು ತಡೆಯುತ್ತೆ. ಕಣ್ಣಿಗೆ ಕಾಣುವ ತುದಿಗಿಂತ ನಿಜವಾದ ತುದಿ ಸ್ವಲ್ಪ ಮುಂದೆಯೇ ಇರುತ್ತೆ, ಅದನ್ನು ನೆನಪಿಡಿ. ಸೀಳಿನ ಎರಡೂ ಅಂಚನ್ನು ಒಳಬದಿಯಿಂದ ಇಳಿಜಾರಾಗಿ ಕೆರೆಯಿರಿ.

ಈಗ ಅಂಟು. ಹಾಳಾದ ಯಾವುದಾದರೂ ಎಬಿಎಸ್ ಭಾಗವನ್ನು ಸಣ್ಣಗೆ ಚೂರು ಮಾಡಿ, ಗಾಜಿನ ಸೀಸೆಯಲ್ಲಿ ಅಸಿಟೋನ್ ಜೊತೆ ಮುಚ್ಚಿಡಿ. ಮರುದಿನ ಗಟ್ಟಿ ಗಂಜಿಯಾಗಿರುತ್ತೆ. ಅದನ್ನು ಒಳಬದಿಯ ಸೀಳಿಗೆ ತೆಳ್ಳಗೆ ತುಂಬಿ, ಒಣಗಲು ಬಿಟ್ಟು, ಮತ್ತೆ ತುಂಬಿ. ಒಂದೇ ಸಲ ದಪ್ಪಗೆ ಹಾಕಬೇಡಿ. ಒಣಗುವಾಗ ಕುಗ್ಗುತ್ತೆ, ಒಳಗೆ ಗುಳ್ಳೆ ಬೇರೆ ಉಳಿಯುತ್ತೆ. ಇದು ಅಂಟಿಸುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುವುದು. ಅದಕ್ಕೇ ಸೂಪರ್ ಗ್ಲೂಗಿಂತ ಗಟ್ಟಿ.

ಕೆಲಸ ಬಯಲಲ್ಲಿ ಮಾಡಿ. ಅಸಿಟೋನ್ ಆವಿ ಬೆಂಕಿಯ ಕಿಡಿಗೆ ಭಗ್ ಅಂತ ಹತ್ತಿಕೊಳ್ಳುತ್ತೆ.

ವೈರ್‌ಹರ್ನೆಸ್
ಮೀಟರ್ ಗಾಜಿನ ಹತ್ತಿರ ಆ ಸೀಸೆ ತರಲೇಬೇಡಿ. ಗಾಜು ಅಂತ ಕರೆದರೂ ಅದು ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಒಂದು ಹನಿ ಅಸಿಟೋನ್ ಬಿದ್ದರೆ ಅಲ್ಲೇ ಕಲೆ, ಜೇಡರ ಬಲೆಯ ಹಾಗೆ ಬಿರುಕು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಎರಡಕ್ಕೂ ಬೇಡ, ಅಕ್ರಿಲಿಕ್ ಆದರೆ ಸ್ಪಿರಿಟ್ ಕೂಡ ಬೇಡ.

ಗ್ಯಾರೇಜ್‌ಗಿರಾಕಿ
ಅಸಿಟೋನ್ ಗಂಜಿ ಒಂದರ ಮೇಲೆ ನನಗೆ ನಂಬಿಕೆ ಕಮ್ಮಿ. ಅಷ್ಟು ಉದ್ದದ ಸೀಳಿಗೆ ಒಳಬದಿಯಲ್ಲಿ ಬೆನ್ನೆಲುಬು ಬೇಕು. 80 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಒರಟು ಮಾಡಿ, ಗ್ಲಾಸ್‌ಫೈಬರ್ ಬಟ್ಟೆಯನ್ನು ಸೀಳಿನ ಎರಡೂ ಕಡೆ ಎರಡು ಬೆರಳು ಅಗಲ ಬರುವಂತೆ ಇಟ್ಟು ಎಪಾಕ್ಸಿ ಅಂಟು ಸವರಿ.

ಎಬಿಎಸ್‌ಅಣ್ಣ
ಎಪಾಕ್ಸಿ ಗಡುಸು. ಎಬಿಎಸ್ ಬಳುಕುತ್ತೆ, ಅದು ಬಳುಕಲ್ಲ. ಪಟ್ಟಿಯ ಅಂಚಿನಲ್ಲೇ ಹೊಸ ಸೀಳು ಶುರುವಾಗುತ್ತೆ. ಬಟ್ಟೆ ಇಡಿ, ಬೇಡ ಅನ್ನಲ್ಲ. ಆದರೆ ಎಪಾಕ್ಸಿ ಬದಲು ಅದೇ ಗಂಜಿಯಲ್ಲಿ ನೆನೆಸಿ ಇಡಿ.

ಗ್ಯಾರೇಜ್‌ಗಿರಾಕಿ
ಬಳುಕುವ ಎಪಾಕ್ಸಿಯೂ ಬರುತ್ತೆ ಸ್ವಾಮಿ. ಬಂಪರ್ ರಿಪೇರಿಗೆ ಅದನ್ನೇ ಹಾಕೋದು.

ಎಬಿಎಸ್‌ಅಣ್ಣ
ಅದಾದರೆ ಸರಿ. ಮೊದಲೇ ಹಾಗೆ ಹೇಳಬೇಕಿತ್ತು.

ಬಿಸಿಸೂಜಿ
ಬಿಸಿ ಸ್ಟೇಪಲ್ ಹಾಕುವ ಗನ್ ಇದೆಯಲ್ಲ? ಅಲೆಯಲೆಯಾದ ಉಕ್ಕಿನ ತಂತಿಯನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿನೊಳಗೆ ಇಳಿಸಿದರೆ ಐದು ನಿಮಿಷದ ಕೆಲಸ.

ಸ್ಪ್ಯಾನರ್ಸ್ವಾಮಿ
ಬಂಪರ್‌ಗೆ ಭೇಷ್. ಇಲ್ಲಿ ಬೇಡ. ಈ ಕವರ್ ತೆಳು, ತಂತಿಯ ಬಿಸಿ ಮೇಲ್ಮೈಯಲ್ಲಿ ಉಬ್ಬಾಗಿ ಕಾಣುತ್ತೆ. ದಿನಾ ಕಣ್ಣೆದುರಿಗಿರುವ ಜಾಗ ಅದು. ಪಿಪಿ ಆಗಿದ್ದರೆ ಬೇರೆ ದಾರಿ ಇಲ್ಲದೆ ಅದನ್ನೇ ಹೇಳುತ್ತಿದ್ದೆ.

ಕಿಟಕಿಸೀಟು
ಒಳಬದಿ ಬಲ, ಹೊರಬದಿ ಅಂದ. ಹೊರಗಡೆ ಸೀಳಿನ ಗೆರೆ ಕಾಣದ ಹಾಗೆ ಮಾಡುವುದೇ ಕಷ್ಟ. ಫಿಲ್ಲರ್ ತುಂಬಿ 320 ನಂಬರ್‌ನಲ್ಲಿ ಉಜ್ಜಿದರೆ ನುಣುಪಾಗುತ್ತೆ, ಆದರೆ ಸುತ್ತಲಿನದು ಚರ್ಮದ ಹಾಗೆ ಒರಟು. ನುಣುಪು ಪಟ್ಟಿ ಎದ್ದು ಕಾಣುತ್ತೆ. ಕವರಿನ ಬೇರೆ ಕಡೆಯಿಂದ ಸಿಲಿಕೋನ್ ಅಚ್ಚು ತೆಗೆದು, ಫಿಲ್ಲರ್ ಹಸಿಯಿರುವಾಗಲೇ ಮೇಲೆ ಒತ್ತಿದರೆ ಅದೇ ಒರಟು ಮೂಡುತ್ತೆ. ಕೈ ಪಳಗಬೇಕು ಅಷ್ಟೇ. ಬೇಡವಾದರೆ ಬಂಪರ್‌ಗೆ ಹೊಡೆಯುವ ಟೆಕ್ಸ್ಚರ್ ಸ್ಪ್ರೇಯನ್ನು ಪೂರ್ತಿ ಕವರ್‌ಗೆ ಹೊಡೆಯಿರಿ. ಸೀಳಿದ ಕಡೆ ಮಾತ್ರ ಹೊಡೆದರೆ ತೇಪೆ ಹಾಕಿದ್ದು ಕೂಗಿ ಹೇಳಿದಂತಿರುತ್ತೆ.

ಬಣ್ಣ ಮ್ಯಾಟ್ ಇರಲಿ. ಹೊಳಪು ಬಣ್ಣ ಹೊಡೆದರೆ ಬಿಸಿಲಲ್ಲಿ ಮುಂದಿನ ಗಾಜಿನ ತುಂಬಾ ಡ್ಯಾಶ್‌ಬೋರ್ಡೇ ಕಾಣುತ್ತೆ.

ಪಾಲಿಶ್‌ಪಂಡಿತ
ಹೊಳಪಿನ ಮೇಲೆ ನಿಮಗೇನು ಸಿಟ್ಟೋ!

ತಡವಾಗಿಬಂದೆ
ವಿಷಯಾಂತರಕ್ಕೆ ಕ್ಷಮಿಸಿ. ಕವರ್ ಬಿಚ್ಚಿದಾಗಲೇ ಮೀಟರ್ ಬಲ್ಬುಗಳನ್ನು ಎಲ್‌ಇಡಿಗೆ ಬದಲಾಯಿಸಬಹುದಲ್ವಾ? ನನ್ನದರಲ್ಲಿ ರಾತ್ರಿ ಏನೂ ಕಾಣಲ್ಲ.

ವೈರ್‌ಹರ್ನೆಸ್
ಬೆಳಕಿನ ಬಲ್ಬು ಬದಲಾಯಿಸಿ, ತೊಂದರೆ ಇಲ್ಲ. ಪ್ಲಸ್ ಮೈನಸ್ ತಿರುಗಿದ್ದರೆ ಎಲ್‌ಇಡಿ ಹತ್ತಲ್ಲ, ಅರ್ಧ ಸುತ್ತು ತಿರುಗಿಸಿ ಹಾಕಿ. ಹಳೇ ಕಾಲದ ಡಿಮ್ಮರ್‌ಗೆ ಅದು ಸರಿಯಾಗಿ ಬಗ್ಗುವುದೂ ಇಲ್ಲ. ಆದರೆ ಬ್ಯಾಟರಿ ಚಿತ್ರದ ಚಾರ್ಜ್ ದೀಪ ಮಾತ್ರ ಮುಟ್ಟಬೇಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಕರೆಂಟ್ ಹೋಗುತ್ತೆ. ಎಲ್‌ಇಡಿ ಎಳೆಯುವ ಅಷ್ಟಿಷ್ಟು ಕರೆಂಟ್ ಅದಕ್ಕೆ ಸಾಲಲ್ಲ. ದೀಪ ಚೆಂದ ಕಾಣುತ್ತೆ, ಬ್ಯಾಟರಿ ಚಾರ್ಜ್ ಆಗಲ್ಲ.

ತಡವಾಗಿಬಂದೆ
ಅಯ್ಯೋ. ಒಳ್ಳೆ ಟೈಮಿಗೆ ಕೇಳಿದೆ.

ಬೋಲ್ಟುನಟ್ಟು
ಹೆಸರು ಬದಲಾಯಿಸಿಕೊಳ್ಳಿ ಹಾಗಾದರೆ.

ಹಳೇಗಾಡಿ
ಕೆಲಸ ಆಯಿತು. ಒಳಗಡೆ ಎಬಿಎಸ್ ಗಂಜಿ, ಅದರ ಮೇಲೆ ಬಟ್ಟೆ, ಬಟ್ಟೆಗೂ ಗಂಜಿಯೇ. ಗಂಜಿಗೆ ಹಳೇ ಕಾರಿನದೇ ಒಡೆದ ಟ್ರಿಮ್ ಬಳಸಿದೆ. ಹೊರಗಡೆ ಫಿಲ್ಲರ್, ಆಮೇಲೆ ಪೂರ್ತಿ ಕವರ್‌ಗೆ ಟೆಕ್ಸ್ಚರ್ ಸ್ಪ್ರೇ, ಮ್ಯಾಟ್ ಕಪ್ಪು. ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿದೆ, ಸೀಳಿದ ಕಡೆ ಮಿಸುಕಲಿಲ್ಲ. ಓರೆ ಬೆಳಕಲ್ಲಿ ಹುಡುಕಿದರೆ ಗೆರೆಯ ಒಂದು ನೆರಳು ಕಾಣುತ್ತೆ, ಸುಮ್ನೆ ಕೂತವರಿಗೆ ಗೊತ್ತಾಗಲ್ಲ.

ಆದರೆ ಹೊಸ ಸಮಸ್ಯೆ. ಜೋಡಿಸುವಾಗ ಮೀಟರ್ ಗಾಜನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಈಗ ಪೆಟ್ರೋಲ್ ಮುಳ್ಳು ಅರ್ಧದಲ್ಲೇ ನಿಂತಿದೆ. ಗಾಡಿ ಆಫ್ ಮಾಡಿದರೂ ಕೆಳಗೆ ಬರಲ್ಲ! ವೈರ್ ಏನಾದರೂ ಎಳೆದುಬಿಟ್ಟೆನಾ?

ವೈರ್‌ಹರ್ನೆಸ್
ವೈರ್ ಅಲ್ಲ, ಸ್ಟ್ಯಾಟಿಕ್. ಒಣ ಬಟ್ಟೆಯಲ್ಲಿ ಪ್ಲಾಸ್ಟಿಕ್ ಉಜ್ಜಿದರೆ ಗಾಜಿನ ಮೇಲೆ ವಿದ್ಯುತ್ ಕೂರುತ್ತೆ, ಹಗುರವಾದ ಮುಳ್ಳನ್ನು ಹಿಡಿದಿಟ್ಟುಕೊಳ್ಳುತ್ತೆ. ಗಾಜಿನ ಮುಂದೆ ಬೆರಳು ಆಡಿಸಿದರೆ ಮುಳ್ಳು ಹಿಂದೆ ಮುಂದೆ ಓಲಾಡಿದರೂ ಓಲಾಡಬಹುದು. ಬಟ್ಟೆಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಗಾಜಿನ ಮೇಲೆ ಒಮ್ಮೆ ಎಳೆಯಿರಿ. ಮುಳ್ಳಿಗೆ ಕೈ ಹಾಕಬೇಡಿ.

ಹಳೇಗಾಡಿ
ಒದ್ದೆ ಬಟ್ಟೆ ಎಳೆದ ತಕ್ಷಣ ಮುಳ್ಳು ಪಟ್ ಅಂತ ಕೆಳಗೆ ಬಿತ್ತು. ಟ್ಯಾಂಕ್ ಖಾಲಿಯಂತೆ!

ಬೋಲ್ಟುನಟ್ಟು
ಇದನ್ನೂ ರಿಪೇರಿ ಮಾಡೋದು ಹೇಗೆ ಅಂತ ಕೇಳಬೇಡಿ.

ಕಿಟಕಿಸೀಟು
ಜಿರ್ ಸದ್ದು ಹೋಯಿತಾ?

ಹಳೇಗಾಡಿ
ಮುಕ್ಕಾಲು ಪಾಲು. ಕವರ್ ಅಂಚು ಕ್ಲಸ್ಟರ್‌ಗೆ ತಾಗುವ ಕಡೆ ಇನ್ನೂ ಸ್ವಲ್ಪ ಇದೆ.

ಸ್ಪ್ಯಾನರ್ಸ್ವಾಮಿ
ಅಲ್ಲಿ ಬಟ್ಟೆ ಟೇಪ್ ಅಂಟಿಸಿ, ವೈರಿಂಗ್‌ಗೆ ಸುತ್ತುವ ಕಪ್ಪು ಫೆಲ್ಟ್ ಟೇಪ್. ಫೋಮ್ ಬೇಡ, ಬಿಸಿಲಿಗೆ ಬರಬರುತ್ತಾ ಪುಡಿಯಾಗಿ ಉದುರುತ್ತೆ. ಬಲಗಡೆ ಸ್ಕ್ರೂ ಪೂರ್ತಿ ಬಿಗಿದು, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಕವರ್ ಆ ಉದ್ದನೆಯ ತೂತಿನಲ್ಲಿ ಆಚೀಚೆ ಜಾರುವಂತಿರಬೇಕು. ಸಡಿಲ ಆಗುತ್ತೆ ಅಂತ ಭಯವಾದರೆ ಎಳೆಗಳಿಗೆ ಬಿಳಿ ಪ್ಲಂಬಿಂಗ್ ಟೇಪ್ ಒಂದು ಸುತ್ತು ಸುತ್ತಿ. ನೀಲಿ ದ್ರವ ಮಾತ್ರ ಬೇಡ.

ನಾಲ್ಕನೇಗೇರು
ಡ್ಯಾಶ್ ಮ್ಯಾಟ್ ಹಾಕಿದ್ದರೆ ಇಷ್ಟು ಹೊತ್ತಿಗೆ ಒಂದು ಲಾಂಗ್ ಡ್ರೈವ್ ಮುಗಿಸಿ ಬರಬಹುದಿತ್ತು.

ಹಳೇಗಾಡಿ
ಪೆಟ್ರೋಲ್ ಎಲ್ಲಿತ್ತು ಮಾರಾಯರೇ.